ಬೀಳುವುದಿಲ್ಲ ಎಂದ ಸವೇರಪ್ಪ

ನಮ್ಮದು ಎಂಥ ಮನೆತನ ಗೊತ್ತಾ ಫ್ಲೋರಿ? ಏಳು ತಲೆಮಾರಿನಿಂದ ಪೂಜೆಗೆ ತಡವಾಗಿ ಹೋದವರಿಲ್ಲ. ನೆಟ್ಟಗೆ ಮಲಗು, ಹೇಳುತ್ತೇನೆ. ಒಂದು ಕಾಲದಲ್ಲಿ, ಅಂದರೆ ನಮ್ಮೂರ ಚರ್ಚಿನಲ್ಲಿ ಗಂಟೆಯ ಬದಲು ಕಬ್ಬಿಣದ ಪಟ್ಟಿ ಬಡಿಯುತ್ತಿದ್ದ ಕಾಲದಲ್ಲಿ, ನನ್ನ ಮುತ್ತಜ್ಜ ಸವೇರಪ್ಪ ಅಂತ ಇದ್ದನಂತೆ. ಶುಭ ಶುಕ್ರವಾರ ಗುಡ್ಡದ ಮೇಲಕ್ಕೆ ಮರದ ಶಿಲುಬೆ ಹೊರುವ ಹಕ್ಕು ನಮ್ಮ ಮನೆಯದೇ ಅಂತೆ. ಹೊತ್ತವನು ಯೇಸುಸ್ವಾಮಿಯ ಹಾಗೆ ಮೂರು ಕಡೆ ಮಂಡಿಯೂರಿ ಬೀಳಬೇಕು, ಅಂದು ಯೇಸುವಿನ ಶಿಲುಬೆಗೆ ಹೆಗಲು ಕೊಟ್ಟ ಸಿಮೋನನಾಗಿ ಹಿಂದೆ ಬರುವವನು ಹೆಗಲು ಕೊಡಬೇಕು. ಶಿಲುಬೆ ಮಾತ್ರ ನೆಲ ಮುಟ್ಟಬಾರದು. ಮುಟ್ಟಿದರೆ ಹಕ್ಕು ಬೇರೆ ಮನೆಗೆ.

ಆ ವರ್ಷ ಸವೇರಪ್ಪ ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸು ಕಾಲದ ನಲವತ್ತು ದಿನವೂ ಒಂದೇ ಹೊತ್ತು ಗಂಜಿ ಕುಡಿದು, ನನ್ನ ವಿಶ್ವಾಸ ಬಂಡೆ, ನಾನ್ಯಾಕೆ ಬೀಳಲಿ, ನನಗೆ ಸಿಮೋನನೂ ಬೇಡ ಅಂದನಂತೆ. ಸಿಮೋನನಾಗಬೇಕಿದ್ದ ತಮ್ಮ ಚೌರಪ್ಪನಿಗೆ, ಎರಡನೇ ದಿನವೇ ರೊಟ್ಟಿ ಕದ್ದು ತಿಂದವನು ನೀನು, ಹೆಂಗಸರ ಸಾಲಿನಲ್ಲಿ ಬಾ ಅಂದನಂತೆ. ಚರ್ಚಿನ ಗುರುಗಳು, ಯೇಸುಸ್ವಾಮಿಯೇ ಮೂರು ಸಲ ಬಿದ್ದರಲ್ಲಪ್ಪ ಅಂದರೆ, ಅವರನ್ನು ಚಾಟಿಯಿಂದ ಹೊಡೆದಿದ್ದರು ಸ್ವಾಮಿ, ನಾನು ಗಟ್ಟಿಯಾಗಿದ್ದೇನೆ ಅಂದನಂತೆ!

ಮೊದಲನೇ ಕಡೆ ಎಲ್ಲರೂ ಕಾದು ನಿಂತರೂ ಮಂಡಿಯೂರದೆ ನಡೆದನಂತೆ. ಆಮೇಲೆ ಎರಡನೇ ಕಡೆ ಕಾಲು ನಡುಗಿತಂತೆ. ತಂಗಿ ತೆರೇಜಮ್ಮ ಹಿಂದಿನಿಂದ, ಅಣ್ಣಾ, ಬಿದ್ದುಬಿಡೋ, ಬೀಳೋಕೆ ಅಂತಲೇ ಇರೋ ಜಾಗ ಅದು ಅಂತ ಕೂಗಿದಳಂತೆ. ಹಲ್ಲು ಕಚ್ಚಿ ನಡೆದನಂತೆ. ಆಮೇಲೆ ಮೂರನೇ ಜಾಗಕ್ಕೆ ಇನ್ನು ಹತ್ತು ಹೆಜ್ಜೆ ಅನ್ನುವಾಗ ಕಣ್ಣು ಕತ್ತಲಿಟ್ಟು ಧೊಪ್ಪನೆ ಬಿದ್ದನಂತೆ. ಶಿಲುಬೆ ನೆಲಕ್ಕೆ ಒಂದು ಗೇಣು ಇರುವಾಗ ಒಂದು ಹೆಗಲು ಅದರಡಿ ಬಂತಂತೆ. ಚೌರಪ್ಪ! ಹೆಂಗಸರ ಸಾಲಿನಿಂದ ಓಡಿ ಬಂದಿದ್ದನಂತೆ. ಸವೇರಪ್ಪ ಏಳಲಾರದೆ, ಸ್ವಾಮೀ, ನನ್ನಿಂದಾಗದು, ಕೈಹಿಡಿ ಅಂತ ಅತ್ತನಂತೆ. ನಲವತ್ತು ದಿನದಲ್ಲಿ ಅವನು ಮಾಡಿದ ಮೊದಲ ನಿಜವಾದ ಪ್ರಾರ್ಥನೆ ಅದು. ಆಮೇಲೆ ಅಣ್ಣತಮ್ಮ ಇಬ್ಬರೂ ಸೇರಿ ಹೊತ್ತು ಗುಡ್ಡ ಹತ್ತಿದರಂತೆ.

ಈಸ್ಟರ್ ದಿನ ಸವೇರಪ್ಪ ಊರೆಲ್ಲರ ಮುಂದೆ ತಮ್ಮನ ಕ್ಷಮೆ ಕೇಳಿ, ಅವನ ತಟ್ಟೆಗೆ ತಾನೇ ರೊಟ್ಟಿ ಹಾಕಿ, ಎರಡನೆಯದನ್ನು ನೀನೇ ಕದ್ದುಕೋ ಅಂದನಂತೆ. ಊರಿಗೆ ಊರೇ ನಕ್ಕಿತಂತೆ. ಅಂದಿನಿಂದ ಇಂದಿನವರೆಗೂ ಶಿಲುಬೆ ನಮ್ಮ ಮನೆಯದೇ, ಹೊರುವವರು ಮಾತ್ರ ಇಬ್ಬರು. ಅಲ್ಲಿಗೆ ಅವರೂ ಸುಖವಾಗಿದ್ದರು, ಕತೆಯೂ ಮುಗೀತು.

ನಿದ್ದೆ ಬಂದವಳ ಹಾಗೆ ನಟಿಸಬೇಡ ಫ್ಲೋರಿ. ಇವತ್ತು ಉಪವಾಸ ಮುರಿದು ಚಕ್ಕುಲಿ ತಿಂದಳೆಂದು ತಂಗಿ ಜೆಸ್ಸಿಯನ್ನು ಎಲ್ಲರೆದುರು ಅಳಿಸಿದವಳು ನೀನು. ಪಕ್ಕದಲ್ಲೇ ಎಚ್ಚರವಾಗಿದ್ದಾಳೆ. ಎದ್ದು ಕೂತು ಅವಳ ಕ್ಷಮೆ ಕೇಳು.