ಅಣಬೆಗಳು ದುಂಡಗೆ ನಿಂತ ಕಥೆ

ಲೋಕ ಆಗಿನ್ನೂ ಹೊಸದು, ಮಣ್ಣಿನ ಹಸಿ ಕೂಡ ಆರಿರಲಿಲ್ಲ. ಆಗ ಅಣಬೆಗಳು ನೆಲದೊಳಗೇ ಇರುತ್ತಿದ್ದವು. ಮಳೆ ಕರೆದರೂ ಬರುತ್ತಿರಲಿಲ್ಲ, ಗಾಳಿ ಕರೆದರೂ ಬರುತ್ತಿರಲಿಲ್ಲ. ಅಷ್ಟು ನಾಚಿಕೆ ಅವಕ್ಕೆ.

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಮಾರ್ಜರಿ ಅಂತ ಒಬ್ಬ ಅಜ್ಜಿ ಇದ್ದಳು. ಊರಿಗೆಲ್ಲ ಸೇರಿದ ಹುಲ್ಲುಗಾವಲಿನಲ್ಲಿ ಬಾತುಗಳನ್ನು ಮೇಯಿಸಿಕೊಂಡು ಹೇಗೋ ಹೊಟ್ಟೆ ಹೊರೆಯುತ್ತಿದ್ದಳು. ಆ ಹುಲ್ಲು ಹೋದರೆ ಬಾತುಗಳೂ ಹೋದವು, ಅವಳ ಗಂಜಿಯೂ ಹೋಯಿತು.

ಒಂದು ಬೆಳಿಗ್ಗೆ ಯಕ್ಷಿಣಿಯರ ರಾಣಿ ಪರಿವಾರ ಕಟ್ಟಿಕೊಂಡು ಬಂದಳು. ಹುಲ್ಲಿನ ಮೇಲೆ ಸುತ್ತ ಕುಣಿದಳು. ಕುಣಿದ ಜಾಗವೆಲ್ಲ ಇನ್ನು ತನ್ನದು, ಬಾತು ಕಾಲಿಟ್ಟರೆ ಕಲ್ಲಾಗಲಿ ಅಂದುಬಿಟ್ಟಳು. ಊರಿನ ಗಂಡಸರು ಟೋಪಿ ತೆಗೆದು, ತಲೆ ತಗ್ಗಿಸಿ ಹಿಂದೆ ಸರಿದರು. ಗಂಡಸರಂತೆ, ಗಂಡಸರು! ಮಾರ್ಜರಿಗೆ ಮೈಯೆಲ್ಲ ಉರಿದುಹೋಯಿತು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಎಲ್ಲರೂ ಊರಿನ ಎಲ್ಲೆ ಸುತ್ತುತ್ತಿದ್ದರು. ಅಲ್ಲಲ್ಲಿ ಕೋಲಿನಿಂದ ನೆಲ ಕುಟ್ಟಿ, ಇದು ನಮ್ಮದು ಅಂತ ಮಣ್ಣಿಗೇ ನೆನಪು ಮಾಡುತ್ತಿದ್ದರು. ಅಜ್ಜಿ ಕೋಲು ಹಿಡಿದು ಹೊರಟೇಬಿಟ್ಟಳು. ಹುಲ್ಲುಗಾವಲಿನ ಸುತ್ತ ಒಬ್ಬಳೇ ಕುಂಟುತ್ತಾ ನಡೆದಳು, ಕುಟ್ಟಿದಳು; ನಡೆದಳು, ಕುಟ್ಟಿದಳು.

ರಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಲ್ಲಿದೆ ಮುದುಕಿ ನಿನ್ನ ಎಲ್ಲೆ? ಅಳಿಸದೆ ನಿಲ್ಲುವ ಎಲ್ಲೆ ಇದ್ದರೆ ತೋರಿಸು, ನಾನೇ ಬಿಟ್ಟು ಹೋಗುತ್ತೇನೆ."

ಅವಳು ಅಂದದ್ದೂ ನಿಜವೇ. ಕೋಲಿನ ಗುರುತನ್ನೆಲ್ಲ ಹುಲ್ಲು ಮುಚ್ಚಿಬಿಟ್ಟಿತ್ತು. ಆದರೆ ಕುಟ್ಟಿದ ಸದ್ದು ಕೆಳಗಿನ ಅಣಬೆಗಳಿಗೆ ಕೇಳಿತ್ತು. ಯಾರದು, ಏನಾಯಿತು ಅಂತ ವಿಚಾರಿಸಿದವು. ಅಜ್ಜಿ ಬಗ್ಗಿ ಎಲ್ಲ ಹೇಳಿ, ಮೇಲೆ ಬನ್ನಿ ಅಂತ ಕರೆದಳು. ಅಯ್ಯೋ, ನಮಗೆ ಭಯ ಅಂತ ಅವು ಗೊಣಗಿದವು.

"ಭಯ ನನಗೂ ಇದೆ ಮಕ್ಕಳೇ," ಅಂದಳು ಮಾರ್ಜರಿ. "ಭಯ ಇಟ್ಟುಕೊಂಡೇ ನಿಂತಿದ್ದೀನಿ. ನೀವೂ ಬಂದು ನಿಲ್ಲಿ."

ಕೋಲು ಕುಟ್ಟಿದಲ್ಲೆಲ್ಲ ಒಂದೊಂದು ಬಿಳಿ ತಲೆ ಮೇಲೆದ್ದಿತು. ರಾಣಿ ಕೆಂಡಾಮಂಡಲವಾದಳು. ಗಾಳಿಗೆ ಹೇಳಿ ಬೀಳಿಸಿದಳು. ಮಳೆ ಬಂತು, ಅಣಬೆಗಳು ಅಲ್ಲೇ ಎದ್ದವು. ಹಿಮಕ್ಕೆ ಹೇಳಿ ಕೊಳೆಸಿದಳು. ಮತ್ತೆ ಮಳೆ ಬಂತು, ಮತ್ತೆ ಅಲ್ಲೇ ಎದ್ದವು. ಕೊನೆಗೆ ತಾನೇ ಬಂದು ಒದ್ದಳು. ಅವು ಮತ್ತೆ ಎದ್ದು ನಿಂತವು. ಇವರ ಸಹವಾಸ ಸಾಕಪ್ಪಾ ಅಂತ ರಾಣಿ ಪರಿವಾರದ ಸಮೇತ ಕಾಡಿನ ಕಡೆ ಕಾಲ್ಕಿತ್ತಳು. ಬಾತುಗಳು ಗದ್ದಲ ಮಾಡುತ್ತಾ ಹುಲ್ಲಿಗೆ ನುಗ್ಗಿದವು.

ಮಳೆ ನಿಂತ ಮಾರನೆಯ ದಿನ ಹುಲ್ಲಿನಲ್ಲಿ ಅಣಬೆಗಳು ದುಂಡಗೆ ನಿಂತಿರುವುದನ್ನು ನೀನೂ ನೋಡಿರುತ್ತೀಯ. ಬೇಕಾದರೆ ಒದ್ದು ನೋಡು. ಮುಂದಿನ ಮಳೆಗೆ ಅಲ್ಲೇ, ಹಾಗೇ, ತಲೆ ಎತ್ತಿ ನಿಂತಿರುತ್ತವೆ.