ಹೊಟ್ಟೆ ಮುಚ್ಚದ ಕೌದಿ

ಒಂದಾನೊಂದು ಕಾಲ ಅಂತಾರಲ್ಲ ಪುಟ್ಟೀ, ಅದಕ್ಕೂ ಮೂರು ಚಳಿಗಾಲ ಹಿಂದಿನ ಮಾತು. ನೀನು ಹೂಂ ಅಂತಿರಬೇಕು. ನಾಳೆ ಅನ್ನೋ ಮಾತು ಬಂದಾಗ ಮಾತ್ರ ಅನ್ನಬಾರದು.

ಒಂದೂರಲ್ಲಿ ಹೊನ್ನವ್ವ ಅಂತ ಇದ್ದಳಂತೆ. ಅವಳ ಅವ್ವ, ಹುಟ್ಟೋ ಮೊಮ್ಮಗುವಿಗೆ ಅಂತ ಹಳೇ ಸೀರೆ ತುಂಡುಗಳನ್ನ ಸೇರಿಸಿ ಕೌದಿ ಹೊಲೀತಿದ್ದಳಂತೆ. ಒಂದು ಮೂಲೆ ಉಳಿದಿತ್ತು, ಅಷ್ಟರಲ್ಲಿ ಅವ್ವ ತೀರಿಕೊಂಡಳಂತೆ. ಕೊನೇ ಮೂಲೆ ಮುಚ್ಚೋ ಮುಂಚೆ ಒಳಗೆ ರೊಟ್ಟಿ ಚೂರು ಇಡೋದು ಅವರ ಪದ್ಧತಿ, ಕೌದಿ ಹಸಿದಿರಬಾರದು ಅಂತ. ಹೊನ್ನವ್ವನ ತಂಗಿ ಗಂಗವ್ವ ತುಂಬು ಬಸುರಿ. ಹದಿಮೂರನೇ ದಿನ ಮಗುವನ್ನ ತೊಟ್ಟಿಲಿಗೆ ಹಾಕುವಾಗ ಅದೇ ಕೌದಿ ಹಾಸಬೇಕಿತ್ತು.

ಹೊನ್ನವ್ವ ಕೌದಿ ತಗೊಳ್ಳೋಳು, ಅವ್ವನ ಕೊನೇ ಹೊಲಿಗೆ ಮುಟ್ಟಿ ನೋಡೋಳು, ನಾಳೆ ಹೊಲಿದರಾಯ್ತು ಅಂತ ಪೆಟ್ಟಿಗೆಯಲ್ಲಿ ಮಡಚಿಡೋಳು. ಒಂದು ಮಟಮಟ ಮಧ್ಯಾಹ್ನ ಹಾಗೇ ನಾಳೆ ಅಂದಾಗ, ಹೊರಗೆ ಬೇವಿನ ಮರದಿಂದ ಯಾರೋ ಹೂಂ ಅಂದರಂತೆ. ನೋಡಿದರೆ ಯಾರೂ ಇಲ್ಲ. ಮಾರನೇ ದಿನ ಎದ್ದು ಮುಖ ತೊಳೆದಳು, ಆಗಲೇ ಹೊತ್ತು ಮುಳುಗ್ತಿತ್ತಂತೆ. ಪಕ್ಕದ ಮನೆ ಮುದುಕಿ ಈರಮ್ಮ, ಎಲ್ಲಿ ಹಾಳಾಗಿ ಹೋಗಿದ್ದೆಯೇ, ಬೆಳಗಿಂದ ನಿನ್ನ ಎಮ್ಮೆ ಕೂಗ್ತಿದೆ ಅಂದಳಂತೆ.

ಎರಡನೇ ಸಲ ಹೂಂ ಅನ್ನೋದು ಹೊಸ್ತಿಲಿಂದ ಬಂತಂತೆ. ಆ ಸಲ ಅವಳ ಮೂರು ದಿನಗಳೇ ಕಾಣೆ, ಗಡಿಗೆ ಮೊಸರಿಗೆ ಬೂಷ್ಟು ಹಿಡಿದಿತ್ತು. ಆಮೇಲೆ ಗಂಗವ್ವನಿಗೆ ಹೆಣ್ಣುಮಗು ಆಯ್ತಂತೆ. ಹೊನ್ನವ್ವ ಅವತ್ತೂ ನಾಳೆ ಅಂದಳು. ಹೂಂ ಅನ್ನೋದು ತೊಡೆ ಮೇಲಿದ್ದ ಕೌದಿಯ ಒಳಗಿಂದಲೇ ಬಂತಂತೆ. ನಿನ್ನ ದಿನಗಳು ಸಾಲಲ್ಲ, ಇನ್ನು ನನ್ನ ಮೇಲೆ ಮಲಗೋ ಮಗುವಿನ ದಿನಗಳನ್ನ ಕೊಡು ಅಂದಿತಂತೆ. ಅವಳು ಬೆಚ್ಚಿ ಎದ್ದಾಗ ಮಗುವಿಗೆ ಹತ್ತನೇ ದಿನ.

ಓಡಿ ಹೋಗಿ ಈರಮ್ಮನಿಗೆ ಎಲ್ಲ ಹೇಳಿದಳಂತೆ. ಹಸಿದದ್ದಕ್ಕೆ ದಿನಾ ನಾಳೆ ಬಡಿಸ್ತೀಯಲ್ಲೇ, ಅದು ತಿನ್ನದೆ ಬಿಡುತ್ತಾ ಅಂತ ಬೈದಳಂತೆ ಮುದುಕಿ. ಒಲೆ ಮೇಲೆ ಎಸರಿಟ್ಟ ಕೂಡಲೇ ಕೂತು ಹೊಲಿ, ಎಸರು ಕುದಿದ ಕೂಡಲೇ ಏಳು. ಏಳುವಾಗ ಸೂಜಿಗೆ ದಾರ ಪೋಣಿಸಿ ಒಲೆ ಹತ್ತಿರವೇ ಇಡು, ಪೆಟ್ಟಿಗೆಯಲ್ಲಿ ಬೇಡ.

ಅಷ್ಟೇನಾ ಅಂದಳಂತೆ ಹೊನ್ನವ್ವ.

ಅಷ್ಟೇ.

ಅಳು ಬಂದರೆ?

ಅಳ್ತಾನೇ ಹೊಲಿ. ದಾರಕ್ಕೇನು ಗೊತ್ತಾಗುತ್ತೆ.

ಮೊದಲನೇ ದಿನ ಮೂರೇ ಹೊಲಿಗೆ ಆಯ್ತಂತೆ. ಕೌದಿಯೊಳಗೆ ಏನೋ ಮಗ್ಗುಲಾಯ್ತು. ಎರಡನೇ ದಿನ ಒಂದು ಗೇಣು. ಹೊಸ್ತಿಲ ಮೇಲಿಂದ ಯಾರೋ ಎದ್ದು ಹೋದ ಹಾಗಾಯ್ತು. ಮೂರನೇ ದಿನ ಎಸರು ಮರಳೋದರೊಳಗೆ ಕೊನೇ ಮೂಲೆಗೆ ಬಂದಳು. ರೊಟ್ಟಿ ಚೂರು ಒಳಗಿಟ್ಟಳು. ಬೆರಳ ತುದಿಯಿಂದ ಅದನ್ನ ಯಾರೋ ಮೆಲ್ಲಗೆ ಈಸಿಕೊಂಡರಂತೆ. ಬೇವಿನ ಮರ ಒಂದು ಸಲ ಅಲುಗಿ ಸುಮ್ಮನಾಯ್ತು. ಹೊನ್ನವ್ವ ಕೌದಿಯ ಬಾಯಿ ಹೊಲಿದು ದಾರ ಕಚ್ಚಿ ತುಂಡರಿಸಿದಳು.

ಹದಿಮೂರನೇ ದಿನ ಮಗು ಅದರ ಮೇಲೆ ಹಾಯಾಗಿ ಮಲಗಿತಂತೆ. ಮಾರನೇ ದಿನ ಹೊತ್ತು ಹುಟ್ಟಿ, ಆ ದಿನ ಸಂಜೆ ತನಕ ಕಾಣೆಯಾಗದೆ ತನ್ನ ಜಾಗದಲ್ಲೇ ಇತ್ತಂತೆ. ಕತೆಗೂ ರೊಟ್ಟಿ ಚೂರಿಟ್ಟು ಬಾಯಿ ಹೊಲಿದೆ, ಮುಗೀತು.

ಪುಟ್ಟೀ, ಸಂಜೆ ಬರೆದ ಪಾಟಿ ಒರೆಸು ಅಂದರೆ ನಾಳೆ ಅಂದೆಯಲ್ಲ, ಆಗ ಹೂಂ ಅಂದಿದ್ದು ನಾನಲ್ಲ. ಏಳು, ಒರೆಸಿ ಬಂದು ಮಲಗು.