ಒಂದು ಗೇಣಿನ ಗೋಡೆ

"ಗುರುಗಳೇ, ಯಾರ ಮೇಲೂ ಭಾರ ಹಾಕದೆ ನನ್ನ ಪಾಡಿಗೆ ನಾನು ಮೌನದ ಆಳಕ್ಕೆ ಇಳಿದರೆ ಅದರಲ್ಲಿ ತಪ್ಪೇನು?" ಎಂದು ಅಡವೆಪ್ಪ ಕೇಳಿದ.

ಅವನು ಮಠ ಸೇರಿ ಬಹಳ ಕಾಲವಾಗಿರಲಿಲ್ಲ. ಗಂಡನನ್ನು ಕಳೆದುಕೊಂಡು ಒಂಟಿಯಾಗಿದ್ದ ಅವನ ಅಕ್ಕ ಪ್ರತಿ ಸೋಮವಾರ ಗಾಡಿಯವನ ಕೈಯಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದಳು. ಮೌನವ್ರತಕ್ಕೆ ಕೂರಲು ನಿಶ್ಚಯಿಸಿದ ಅಡವೆಪ್ಪ, ಇನ್ನು ತರಬೇಡ ಎಂದು ಹಿಂದಿನ ವಾರ ಗಾಡಿಯವನಿಗೆ ಹೇಳಿಬಿಟ್ಟಿದ್ದ.

ಗುರು ನಕ್ಕರು. "ಆಳದ ವಿಷಯವಾದರೆ ನನ್ನನ್ನೇ ಕೇಳಬೇಕು. ಹುಡುಗನಾಗಿದ್ದಾಗ ನಾನು ನಮ್ಮೂರ ಬಾವಿಯಲ್ಲಿ ಮುಳುಗಿದರೆ ಆಚೆ ಊರಿನ ಬಾವಿಯಲ್ಲಿ ಏಳುತ್ತಿದ್ದೆ. ಅಲ್ಲಿಯ ಹೆಂಗಸರು ಕೊಡದಲ್ಲಿ ಸೇದಿ ನೋಡಿ, 'ಅಯ್ಯೋ, ಇವನಾ!' ಎಂದು ಮತ್ತೆ ಒಳಕ್ಕೇ ಸುರಿಯುತ್ತಿದ್ದರು. ನಗಬೇಡ, ಅದು ಸುಳ್ಳು. ಈಗ ಹೇಳುವುದನ್ನು ಕೇಳು."

ಇಳಿಜಾರಿನಲ್ಲಿ ಒಂದು ಊರು. ಮೇಲಿನ ಬೀದಿಯ ಮಣ್ಣು ಕೆಳಗಿನ ಬೀದಿಗೆ ಜಾರದಂತೆ ಒಬ್ಬ ಮೇಸ್ತ್ರಿ ಗೋಡೆ ಕಟ್ಟಿದ. ನಾಲ್ಕಾಳೆತ್ತರ, ಒಂದೇ ಗೇಣು ದಪ್ಪ. ಅದರ ಬಲ ಮುಂದಿನ ಚಪ್ಪಡಿಗಳಲ್ಲಿ ಇರಲಿಲ್ಲ. ಹಿಂದೆ ಒಂದು ಪದರ ಮಣ್ಣು ತುಳಿದು, ಅದರ ಮೇಲೆ ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಹಾಸಿ, ಅವುಗಳ ತುದಿಯನ್ನು ಚಪ್ಪಡಿಗೆ ಬಿಗಿದು, ಮತ್ತೆ ಮಣ್ಣು ತುಳಿದಿದ್ದ. ಬುಡದಿಂದ ನೆತ್ತಿಯವರೆಗೂ ಹಾಗೆಯೇ. ಮಣ್ಣು ಪಟ್ಟಿಯನ್ನು ಹಿಡಿದಿತ್ತು, ಪಟ್ಟಿ ಚಪ್ಪಡಿಯನ್ನು ಹಿಡಿದಿತ್ತು. ಮುಚ್ಚಿದ ಮೇಲೆ ಅದು ಯಾರಿಗೂ ಕಾಣಲಿಲ್ಲ. ಮೇಸ್ತ್ರಿಯೂ ಹೇಳಲಿಲ್ಲ. ಇಷ್ಟು ತೆಳುವಾದದ್ದು ಹೇಗಪ್ಪಾ ನಿಂತಿದೆ ಎಂದು ಜನ ಬಾಯಿ ಬಿಟ್ಟು ನೋಡುವುದು ಅವನಿಗೆ ಹಿತವಾಗಿತ್ತು.

ಗೋಡೆ ಕಟ್ಟಿದವನು ಅದರ ಬುಡದಲ್ಲೇ ಸಂಸಾರ ಹೂಡಬೇಕು ಎಂಬುದು ಆ ಊರಿನ ಕಟ್ಟಳೆ. ಕಟ್ಟಿದವನಿಗೇ ನಂಬಿಕೆಯಿಲ್ಲದ ಗೋಡೆ ಊರಿಗೆ ಬೇಡ ಎಂದು ಹಿರಿಯರು ಮಾಡಿದ್ದು. ಮೇಸ್ತ್ರಿ ತನ್ನ ಮಗಳೊಂದಿಗೆ ಅಲ್ಲಿದ್ದ. ತಾಯಿಯಿಲ್ಲದ ಮಗು. ಅವನಿಗೆ ಇದ್ದವಳು ಅವಳೊಬ್ಬಳೇ.

ಮೇಲಿನ ಬೀದಿಯ ಒಬ್ಬ ವರ್ತಕ, ತೀರಿಹೋದ ಹೆಂಡತಿಯ ಹೆಸರಿನಲ್ಲಿ ದಾರಿಹೋಕರಿಗೆ ಛತ್ರ ಕಟ್ಟಿಸಲು ಹೊರಟ. ಅವನು ಒಳ್ಳೆಯವನು. ಛತ್ರದ ಭಾರ ಗೋಡೆಯನ್ನು ತಳ್ಳಬಾರದೆಂದು, ಕಂಬಗಳನ್ನು ಮಣ್ಣು ದಾಟಿಸಿ ಕೆಳಗಿನ ಬಂಡೆಯ ಮೇಲೆಯೇ ಊರಲು ನಿಶ್ಚಯಿಸಿದ. ಕೇಳಿಯೇ ಅಗೆಯೋಣ ಎಂದು ಮೇಸ್ತ್ರಿಯ ಮನೆಗೆ ಬಂದ.

"ಮೇಸ್ತ್ರೀ, ನಿನ್ನ ಗೋಡೆ ಎಷ್ಟು ದಪ್ಪ?"

"ಕಣ್ಣಿಗೆ ಕಾಣೋದಿಲ್ಲವಾ ಸ್ವಾಮಿ? ಒಂದು ಗೇಣು."

"ಅದರ ಹಿಂದೆ?"

"ಹಿಂದೆ ಮಣ್ಣು, ಮುಂದೆ ನಾನು. ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ ಅಗೀರಿ. ಈ ಕೈ ಕಟ್ಟಿದ್ದು ಅದು!"

ಅಗೆಯುವುದೆಂದರೆ ಮೊಣಕಾಲುದ್ದದ ಬುನಾದಿ ಎಂದುಕೊಂಡಿದ್ದ ಮೇಸ್ತ್ರಿ. ವರ್ತಕ ಬಂಡೆಯ ಮಾತು ಎತ್ತಲಿಲ್ಲ. ಮೇಸ್ತ್ರಿ ಮಗಳನ್ನು ಕರೆದುಕೊಂಡು ಪರವೂರಿನ ಕೆಲಸಕ್ಕೆ ಹೋದ.

ವರ್ತಕ ಒಂದು ಗೇಣಿನ ಗೋಡೆಗೆ ಎರಡು ಮಾರು ಜಾಗ ಬಿಟ್ಟ. ಗೋಡೆಯ ಉದ್ದಕ್ಕೂ ಸಾಲಾಗಿ ಬಂಡೆಯವರೆಗೂ ಕುಳಿ ಕೊರೆಸುತ್ತ, ಕೊರೆದ ಕುಳಿಗಳಲ್ಲಿ ಕಂಬ ಊರಿಸುತ್ತ ಹೋದ. ಕೊರೆಯುವ ದೊಡ್ಡ ಬೈರಿಗೆ ಯಂತ್ರ ಮಣ್ಣಿನ ಜೊತೆ ಕಬ್ಬಿಣದ ತುಂಡುಗಳನ್ನೂ ಮೇಲೆ ತಂದಿತು.

"ಆ ಮೇಸ್ತ್ರಿ ಒಳಗೆಲ್ಲ ಹಳೇ ಗುಜರಿ ತುಂಬಿದಾನೆ ಮಾರಾಯ" ಎಂದು ಆಳುಗಳು ನಕ್ಕರು. ಪಕ್ಕಕ್ಕೆ ಒಟ್ಟಿ ಎಂದ ವರ್ತಕ.

ಕೊನೆಯ ಕುಳಿ ಕೊರೆಯುವ ದಿನ ಮೇಸ್ತ್ರಿ ಮರಳಿ ಬಂದ. ಅವನು ಅಡಿಗೆ ಮಾಡುವಷ್ಟರಲ್ಲಿ ಮಗಳು ಮೇಲಕ್ಕೆ ಹೋಗಿ ಯಂತ್ರ ನೋಡಿ ಬಂದಳು. ಊಟಕ್ಕೆ ಕೂತಾಗ ಲಂಗದ ಮಡಿಲಿನಿಂದ ತಿರುಚಿದ ಒಂದು ಪಟ್ಟಿಯ ತುಂಡು ತೆಗೆದು, "ಅಪ್ಪಾ, ಹಾವು ನೋಡು! ಮೇಲೆ ಇಂಥವು ರಾಶಿ ಬಿದ್ದಿವೆ" ಎಂದಳು.

ಮೇಸ್ತ್ರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನೀನು ಉಣ್ಣುತ್ತಿರು, ಬಂದೆ" ಎಂದು ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದ. ನಿಲ್ಲಿಸಿ ಎಂದು ಕೂಗಿದ. ವರ್ತಕ ಕೂಡಲೇ ನಿಲ್ಲಿಸಿದ. ಬೈರಿಗೆಯ ಸದ್ದು ಅಡಗಿದ ಮೇಲೆ ಗೋಡೆ ಕುಸಿಯುವ ಸದ್ದು ಕೇಳಿತು.

ಗೋಡೆಯನ್ನು ಉಳಿಸಲು ಮೇಲಕ್ಕೆ ಓಡಿದವನಿಗೆ ಮಗಳನ್ನು ಹೊರಗೆ ಕರೆಯಬೇಕೆಂದು ಹೊಳೆದಿರಲಿಲ್ಲ.

ವರ್ತಕನೂ ಬರಿಗೈಯಲ್ಲಿ ಮಣ್ಣು ತೋಡಿದ. ಮಗು ತಟ್ಟೆಯ ಮುಂದೆಯೇ ಇತ್ತು. ಅಪ್ಪ ಹೇಳಿದ ಮಾತನ್ನು ಅದು ನಡೆಸಿತ್ತು.

"ಒಂದು ಗೇಣು ಎಂದೆಯಲ್ಲೋ" ಎಂದು ವರ್ತಕ ಅತ್ತ. ಮೇಸ್ತ್ರಿ ಮಗಳ ಬೆರಳಿಗಂಟಿದ ಅನ್ನವನ್ನು ಒರೆಸುತ್ತಿದ್ದ.

ಛತ್ರದ ಕಂಬಗಳು ಬಂಡೆಯ ಮೇಲೆ ಹಾಗೆಯೇ ನಿಂತವು. ಕೂದಲೆಳೆಯ ಬಿರುಕೂ ಬಿಡಲಿಲ್ಲ. ಅವುಗಳ ಮೇಲೆ ಸೂರು ಹಾಕಿಸುವ ಮನಸ್ಸು ವರ್ತಕನಿಗೆ ಕೊನೆಯವರೆಗೂ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ತಪ್ಪು ಮುಚ್ಚಿಟ್ಟವನದಲ್ಲವೇ? ವರ್ತಕ ಕೇಳಿಯೇ ಅಗೆದ. ಒಳಗೆ ಇದ್ದದ್ದು ಅವನಿಗೆ ತಿಳಿಯುವುದಾದರೂ ಹೇಗೆ?" ಎಂದ ಅಡವೆಪ್ಪ.

"ತುಂಡುಗಳು ಅವನ ಕಾಲ ಬುಡದಲ್ಲೇ ಬಿದ್ದಿದ್ದವು" ಎಂದರು ಗುರು.

ಅಂದು ಸೋಮವಾರ. ಹೊರಗೆ ಗಾಡಿಯ ಸದ್ದು ಬಂತು. ಅಡವೆಪ್ಪ ಬಾಗಿಲ ಕಡೆ ನೋಡಿದ. ಗಾಡಿ ಮಠದ ಮುಂದೆ ನಿಲ್ಲದೆ ಹೋಯಿತು. ಆ ಸದ್ದು ಪೂರ್ತಿ ಅಡಗುವವರೆಗೂ ಗುರು ಕಾದರು.

"ರೊಟ್ಟಿ ಬೇಡವೆಂದೆ, ಸರಿ, ಅದನ್ನು ತಟ್ಟುತ್ತಿದ್ದವಳು ಯಾವುದರ ಆಸರೆಯಲ್ಲಿ ನಿಂತಿದ್ದಳು ಅಂತ ಕೇಳಿದೆಯಾ, ಅಡವೆಪ್ಪಾ?"